ಹದಿನಾಲ್ಕು ಸೆಕೆಂಡು

ಪ್ರತಿ ತಿಂಗಳ ಐದನೆಯ ತಾರೀಕಿನೊಳಗೆ ನಾನು ಒಂದು ವರದಿ ಕಳಿಸಬೇಕು. ಹನ್ನೊಂದು ಆಸ್ಪತ್ರೆಗಳು, ಮೂರು ವರ್ಷ, ನಾಲ್ಕು ಸಾವಿರದ ನೂರಾ ಹನ್ನೆರಡು ಪಿತ್ತಕೋಶದ ಶಸ್ತ್ರಚಿಕಿತ್ಸೆಗಳು. ಪಿತ್ತನಾಳಕ್ಕೆ ಪೆಟ್ಟು: ಸೊನ್ನೆ. ತೀವ್ರ ರಕ್ತಸ್ರಾವ: ಸೊನ್ನೆ. ಶಸ್ತ್ರಚಿಕಿತ್ಸೆಯಿಂದಾದ ಸಾವು: ಸೊನ್ನೆ.

ಮೊದಲ ವರ್ಷ ಸೊನ್ನೆ ಬಂದಾಗ ಹುಬ್ಬಳ್ಳಿಯ ನಮ್ಮ ಆಸ್ಪತ್ರೆಯಲ್ಲಿ ಪೇಢೆ ಹಂಚಿದ್ದರು. ಈಗ ಹಂಚುವುದಿಲ್ಲ. ಸೊನ್ನೆ ಅಭ್ಯಾಸವಾಗಿದೆ.

ಈ ಸೊನ್ನೆಗಳನ್ನು ತಂದ ಯಂತ್ರದ ಹೆಸರು ನಿಗಾ. ಹೊಟ್ಟೆಗೆ ನಾಲ್ಕು ಸಣ್ಣ ತೂತು ಮಾಡಿ, ಗಾಳಿ ತುಂಬಿ ಉಬ್ಬಿಸಿ, ಒಂದರಿಂದ ಕ್ಯಾಮೆರಾ, ಉಳಿದವುಗಳಿಂದ ಉಪಕರಣ ಇಳಿಸಿ ಪಿತ್ತಕೋಶ ತೆಗೆಯುವುದು ಹಳೆಯ ವಿದ್ಯೆ. ಮೊದಲು ಕ್ಯಾಮೆರಾ ಹಿಡಿಯಲು ಒಬ್ಬ ಕಿರಿಯ ವೈದ್ಯ ನಿಲ್ಲುತ್ತಿದ್ದ. ಅವನ ಕೈ ಸೋಲುತ್ತಿತ್ತು, ನಡುಗುತ್ತಿತ್ತು. ಈಗ ನಿಗಾದ ತೋಳು ಹಿಡಿಯುತ್ತದೆ. ಹಿಡಿಯುವುದಷ್ಟೇ ಅಲ್ಲ, ನೋಡುತ್ತದೆ. ಕತ್ತರಿಸಬೇಕಾದ ನಾಳ ಯಾವುದು, ಮುಟ್ಟಲೇಬಾರದ ನಾಳ ಯಾವುದು ಎಂದು ಗುರುತಿಸಿ ಪರದೆಯ ಮೇಲೆ ಹಸಿರು ಗೆರೆ ಎಳೆಯುತ್ತದೆ. ಗೆರೆ ಬೀಳುವವರೆಗೆ ಸರ್ಜನ್ ಕೈಯಲ್ಲಿರುವ ಕ್ಲಿಪ್ಪು ಕಚ್ಚುವುದಿಲ್ಲ. ಲೆನ್ಸ್ ಮಲಿನವಾದರೆ ತಾನೇ ಹೊರಬಂದು, ತುದಿ ಬೆಚ್ಚಗೆ ಮಾಡಿಕೊಂಡು, ಒರೆಸಿಕೊಂಡು ಮತ್ತೆ ಒಳಗೆ ಹೋಗುತ್ತದೆ. ಅದಕ್ಕೆ ಹದಿನಾಲ್ಕು ಸೆಕೆಂಡು ಬೇಕು. ಅಷ್ಟು ಹೊತ್ತು ಸರ್ಜನ್‌ಗೆ ಏನೂ ಕಾಣುವುದಿಲ್ಲ. ಕಾಣದೆ ಯಾರೂ ಏನನ್ನೂ ಕತ್ತರಿಸಬಾರದೆಂದು ಉಪಕರಣಗಳಿಗೆ ಬೀಗ ಬೀಳುತ್ತದೆ.

ನನ್ನ ಗಂಡ ಮಹಾಂತೇಶ ಆ ಪಟ್ಟಿಯಲ್ಲಿ ಎರಡು ಸಾವಿರದ ಒಂಬೈನೂರಾ ಆರನೆಯ ಸಾಲು. ಪುರುಷ, ಮೂವತ್ನಾಲ್ಕು ವರ್ಷ, ಪಿತ್ತಕೋಶದಲ್ಲಿ ಹರಳು. ಫಲಿತಾಂಶದ ಕಾಲಂನಲ್ಲಿ ಏಳು. ಏಳು ಎಂದರೆ ‘ಮರಣ, ಶಸ್ತ್ರಚಿಕಿತ್ಸೆಗೆ ಸಂಬಂಧವಿಲ್ಲ’. ಆ ಏಳನ್ನು ತುಂಬಿದವಳು ನಾನೇ. ಮರಣಪತ್ರದಲ್ಲಿ ಹಠಾತ್ ಹೃದಯಸ್ತಂಭನ ಎಂದಿತ್ತು. ಅದಕ್ಕೆ ಏಳು ಹಾಕಬೇಕೆಂಬುದು ನಿಯಮ. ಹಾಕಿದೆ. ಆ ತಿಂಗಳೂ ವರದಿ ಐದನೆಯ ತಾರೀಕಿನೊಳಗೆ ಹೋಯಿತು.

ಮರಣೋತ್ತರ ಪರೀಕ್ಷೆ ಆಗಲಿಲ್ಲ. ಇನ್ನೊಮ್ಮೆ ಅವನನ್ನು ಕೊಯ್ಯುವುದು ಬೇಡ ಎಂದು ಅತ್ತೆ ಕೈಮುಗಿದರು. ನಾನು ಸಹಿ ಹಾಕಿದೆ.

*

ಇದೆಲ್ಲ ಹಾಗೆಯೇ ಉಳಿಯುತ್ತಿತ್ತು. ಆದರೆ ಹೋದ ಜುಲೈನಲ್ಲಿ ನಾದಿನಿ ದಾನೇಶ್ವರಿಗೆ ಹೊಟ್ಟೆನೋವು ಬಂತು.

ಅವಳು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಕೊರಳಲ್ಲಿ ಸೀಟಿ, ದೊಡ್ಡ ದನಿ. ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದಳು.

“ವೈನಿ, ಪಿತ್ತಕೋಶದಾಗ ಏಳು ಹಳ್ಳು ಅದಾವಂತ. ಇನ್ನ ನಾಕು ಆದ್ರ ಒಂದ ಕ್ರಿಕೆಟ್ ಟೀಮ್ ಆಗತೈತಿ.”

“ನಗಬ್ಯಾಡ ಸುಮ್ನಿರ,” ಎಂದರು ಅತ್ತೆ. ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಿದರು. “ಡಾಕ್ಟ್ರು ಏನಂದ್ರು?”

“ದುರ್ಬೀನ ಆಪರೇಷನ್. ಬರೂ ಶುಕ್ರವಾರ. ಎರಡನೇ ದಿನಕ್ಕ ಮನಿ, ಹತ್ತನೇ ದಿನಕ್ಕ ಸಾಲಿ. ದಸರಾ ಕ್ರೀಡಾಕೂಟಕ್ಕ ನಮ್ಮ ಹುಡುಗ್ಯಾರನ್ನ ತಯಾರ ಮಾಡಬೇಕಲ್ಲ.”

ಅತ್ತೆ ನನ್ನ ಕಡೆ ತಿರುಗಿದರು. “ನೀ ಅಲ್ಲೇ ಕೆಲಸ ಮಾಡಾಕತ್ತೀದಿ. ನೀನ ಹೇಳು ಪಲ್ಲವಿ. ಆ ಮಷೀನು ಛಲೋ ಐತೇನು?”

ಒಬ್ಬ ಮಗನನ್ನು ಕಳೆದುಕೊಂಡವರು ಮಗಳ ಬಗ್ಗೆ ಕೇಳುತ್ತಿದ್ದರು. ನನ್ನ ಬಳಿ ಉತ್ತರ ಸಿದ್ಧವಿತ್ತು. ಸೊನ್ನೆ, ಸೊನ್ನೆ, ಸೊನ್ನೆ.

“ನೋಡಿ ಹೇಳ್ತೀನ್ರಿ,” ಎಂದೆ.

*

ನಿಯಂತ್ರಣ ಕೊಠಡಿ ಐದನೆಯ ಮಹಡಿಯಲ್ಲಿದೆ. ಹನ್ನೊಂದು ಊರಿನ ಹೊಟ್ಟೆಗಳು ಅಲ್ಲಿಯ ಗೋಡೆಯ ಪರದೆಗಳ ಮೇಲೆ ಒಟ್ಟಿಗೆ ಕಾಣುತ್ತವೆ. ಶಬ್ದವಿಲ್ಲ.

ನಾನು ಫಲಿತಾಂಶದ ಕಾಲಂ ಬಿಟ್ಟು ಯಾರೂ ತೆರೆಯದ ಕಾಲಂಗಳನ್ನು ತೆರೆದೆ. ತೋಳು ಎಷ್ಟು ಸಲ ಅಲುಗಿತು, ಗಾಳಿಯ ಒತ್ತಡ ಎಷ್ಟು, ಲೆನ್ಸ್ ಎಷ್ಟು ಸಲ ಒರೆಸಿತು. ಒಂದು ಶಸ್ತ್ರಚಿಕಿತ್ಸೆಯಲ್ಲಿ ಮೂರು ಸಲ ಒರೆಸುವುದು ಸಾಮಾನ್ಯ. ಕೊಬ್ಬು ಹೆಚ್ಚಿದ್ದರೆ ಐದು, ಆರು.

ಮಹಾಂತೇಶನ ಸಾಲಿನಲ್ಲಿ ಹತ್ತೊಂಬತ್ತು ಇತ್ತು. ಅಷ್ಟೂ ಒಂಬತ್ತು ನಿಮಿಷದೊಳಗೆ.

ನಾಲ್ಕು ನಿಮಿಷ ಇಪ್ಪತ್ತಾರು ಸೆಕೆಂಡು ಸರ್ಜನ್‌ಗೆ ಏನೂ ಕಂಡಿರಲಿಲ್ಲ.

ಅವನಂತೆ ಹತ್ತಕ್ಕಿಂತ ಹೆಚ್ಚು ಸಲ ಒರೆಸಿದವು ಬೇರೆ ಇವೆಯೇ ಎಂದು ಹುಡುಕಿದೆ. ಇನ್ನೂ ಎಂಟು ಸಿಕ್ಕವು. ಒಂದರಲ್ಲಿ ಏಳು ಎಂದಿತ್ತು. ಎರಡರಲ್ಲಿ ಗುಣ. ಐದರಲ್ಲಿ ಫಲಿತಾಂಶವೇ ಇರಲಿಲ್ಲ. ನಡುವೆ ಹೊಟ್ಟೆ ತೆರೆದು ಮಾಡಿದ್ದರಿಂದ ಅವು ‘ಅಪೂರ್ಣ’ ಎಂದಾಗಿ, ನಾಲ್ಕು ಸಾವಿರದ ನೂರಾ ಹನ್ನೆರಡರಿಂದಲೇ ಹೊರಗಿದ್ದವು. ಆ ಐವರು ಬದುಕಿದರೋ ಇಲ್ಲವೋ ನನ್ನ ಪಟ್ಟಿಗೆ ಗೊತ್ತಿರಲಿಲ್ಲ.

ಚಿತ್ರ ಬೇಕಿತ್ತು. ಒಂಬತ್ತರದೂ ಇರಲಿಲ್ಲ. ಮಸುಕಾದ ಭಾಗವನ್ನು ನಿಗಾ ಆ ದಿನವೇ ಅಳಿಸುತ್ತದೆ, ಜಾಗ ಉಳಿಸಲು.

ಯಾರೋ ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ. ವಿಭಾಗದ ಮುಖ್ಯಸ್ಥ ಡಾ. ಹಾನಗಲ್ ಅವರ ಬಳಿ ಹೋದೆ. ನಿಗಾವನ್ನು ಇಲ್ಲಿಗೆ ತಂದವರು ಅವರೇ. ಕಾಗದಗಳನ್ನು ಪೂರ್ತಿ ಓದಿದರು. ಓದುವಾಗ ಮುಖ ಬದಲಾಗಲಿಲ್ಲ. ಅದೇ ನನ್ನ ಅನುಮಾನ ಹೆಚ್ಚಿಸಿತು.

“ನಾಲ್ಕು ಸಾವಿರದಾಗ ಒಂಬತ್ತು,” ಎಂದರು. “ಪಲ್ಲವಿ, ನೀವು ಲೆಕ್ಕ ಕಲಿತವರು. ನಿಮಗ ನಾನು ಹೇಳಬೇಕೇನು? ಹಳೇ ಪದ್ಧತಿಯೊಳಗ ಸಾವಿರಕ್ಕ ಮೂರು ಮಂದಿ ನಾಳ ಕತ್ತರಿಸಿಕೊಂಡು ಜನ್ಮಪೂರ್ತಿ ನರಳತಿದ್ರು. ಅವರೆಲ್ಲ ಈಗ ಆರಾಮ ಮನ್ಯಾಗ ಅದಾರ.”

“ಹತ್ತೊಂಬತ್ತು ಸಲ ಯಾಕ ಒರಸ್ತು ಸರ್?”

“ಲೆನ್ಸ್ ಹೊಲಸಾಗಿತ್ತು.” ಕಾಗದಗಳನ್ನು ಜೋಡಿಸಿ ನನ್ನ ಕಡೆ ಸರಿಸಿದರು. “ಎರಡು ವಾರ ರಜಾ ತೊಗೊಳ್ರಿ. ನೀವು ಆವಾಗ ತೊಗೊಳ್ಳಲೇ ಇಲ್ಲ.”

*

ಮನೆಗೆ ಬಂದು ಶುಕ್ರವಾರ ಬೇಡ ಎಂದೆ.

“ಯಾಕ?” ಎಂದರು ಅತ್ತೆ.

“ಒಂದ ಮೂರು ವಾರ ತಡೀರಿ. ಒಂದ ವಿಷಯ ಖಾತ್ರಿ ಮಾಡ್ಕೋಬೇಕು.”

“ಏನ್ ವಿಷಯ?”

ಹೇಳಲಿಲ್ಲ. ಖಾತ್ರಿಯಿಲ್ಲದ್ದನ್ನು ಹೇಳಬಾರದೆಂದು ಕಲಿತಿದ್ದೆ. ಅತ್ತೆ ನನ್ನನ್ನು ನೋಡಿದರು. ಗಂಡನನ್ನು ಕಳೆದುಕೊಂಡ ಮೇಲೆ ಇವಳಿಗೆ ಯಾರ ಮೇಲೂ ನಂಬಿಕೆ ಉಳಿದಿಲ್ಲ ಎಂದು ಆ ನೋಟ ಹೇಳುತ್ತಿತ್ತು. ಇರಬಹುದು. ನನಗೂ ಹಾಗೆ ಅನಿಸುತ್ತಿತ್ತು.

ದಾನೇಶ್ವರಿ ಮಾತ್ರ, “ವೈನಿ ಹೇಳಿದ್ರ ಮುಗೀತು. ಮೂರು ವಾರ ಎಣ್ಣಿ ಬಿಟ್ಟು ಮಜ್ಜಗಿ ಕುಡೀತೀನಿ,” ಎಂದು ಸೀಟಿ ಊದಿದಳು.

*

ಉತ್ತರ ಸಿಕ್ಕಿದ್ದು ಆ ಶುಕ್ರವಾರ ಕಳೆದ ಮೇಲೆ, ಕ್ಯಾಂಟೀನಿನಲ್ಲಿ. ಸಿಸ್ಟರ್ ಫಿಲೋಮಿನಾ ಮೂವತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡಿದವರು. ನಿವೃತ್ತಿಗೆ ಆರು ತಿಂಗಳಿತ್ತು. ಗಿರ್ಮಿಟ್ ತಿನ್ನುತ್ತಿದ್ದರು. ನಿಗಾ ಯಾವುದನ್ನು ನೋಡಿ ಕಲಿಯಿತು ಎಂದು ಕೇಳಿದೆ.

“ನಮ್ಮ ಸಿಡಿ ನೋಡಿ,” ಎಂದರು. “ಆಗಿನ ಕಾಲದಾಗ ಆಪರೇಷನ್ ಆದ ಮ್ಯಾಲೆ ಮನಿಯವರಿಗೆ ಒಂದ ಸಿಡಿ ಕೊಡೂದಿತ್ತು. ಮದಿವಿ ಸಿಡಿ ಹಂಗ. ನೋಡ್ರಿ, ಎಷ್ಟ ಸ್ವಚ್ಛ ಮಾಡೇವಿ ಅಂತ. ಒಂದ ಕಾಪಿ ನಾವು ಇಟ್ಕೊತಿದ್ವಿ. ಎಲ್ಲಾ ಊರಿಂದೂ ಸೇರಿಸಿ ಒಂಬತ್ತು ಸಾವಿರ ಸಿಡಿ ಹಾನಗಲ್ ಸಾಹೇಬ್ರು ಕಂಪನಿಗೆ ಕೊಟ್ರು.”

“ಅದರಾಗ ರಕ್ತ ಹೋದದ್ದೂ ಇರತಿತ್ತಲ್ಲ?”

ಅವರು ಚಮಚ ಕೆಳಗಿಟ್ಟರು. “ಮನಿಯವರಿಗೆ ಅದನ್ನ ಕೊಡಾಕ ಬರತೈತೇನವ್ವಾ?”

“ಅಂದ್ರ?”

“ರೆಕಾರ್ಡಿಂಗ್ ಗುಂಡಿ ನನ್ನ ಕಡೆ ಇರತಿತ್ತು. ರಕ್ತ ಶುರು ಆತಂದ್ರ ಒತ್ತಿ ಬಿಡತಿದ್ದೆ. ನಿಂತ ಮ್ಯಾಲೆ ಮತ್ತ ಒತ್ತತಿದ್ದೆ.”

“ಡಾಕ್ಟ್ರು ನಿಲ್ಸು ಅಂತಿದ್ರೇನು?”

“ಯಾರೂ ಏನೂ ಅಂತಿರಲಿಲ್ಲ. ಅವರ ಉಸಿರು ಬದಲಾಗತಿತ್ತು. ನಂಗ ತಿಳೀತಿತ್ತು.” ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು. “ಎಲ್ಲಾ ಥಿಯೇಟರಿನಾಗೂ ಹಂಗ.”

ಒಂಬತ್ತು ಸಾವಿರ ಹೊಟ್ಟೆಗಳನ್ನು ನೋಡಿ ಕಲಿತ ಯಂತ್ರ ರಕ್ತ ಚಿಮ್ಮುವುದನ್ನು ಒಮ್ಮೆಯೂ ನೋಡಿರಲಿಲ್ಲ. ಪರದೆ ಕೆಂಪಾದರೆ ಅದಕ್ಕೆ ಗೊತ್ತಿದ್ದ ಕಾರಣ ಒಂದೇ. ಲೆನ್ಸ್ ಹೊಲಸಾಗಿದೆ. ಹೊರಬರಬೇಕು, ಒರೆಸಬೇಕು, ಒಳಹೋಗಬೇಕು. ಮತ್ತೆ ಕೆಂಪು. ಮತ್ತೆ ಹೊರಗೆ. ಅಷ್ಟು ಹೊತ್ತೂ ಸರ್ಜನ್ ಕೈಗೆ ಬೀಗ. ದಾಖಲೆಯಲ್ಲಿ ರಕ್ತಸ್ರಾವ ಸೊನ್ನೆ.

ನಾನು ಅಪರಾಧಿಯನ್ನು ಹುಡುಕುತ್ತಿದ್ದೆ. ಗಿರ್ಮಿಟ್ ತಿನ್ನುವ ಹೆಂಗಸು ಸಿಕ್ಕಳು. ಹಾನಗಲ್ ಅವರಿಗೆ ಇದು ಮೊದಲೇ ಗೊತ್ತಿತ್ತೇ? ನನಗೆ ಈಗಲೂ ಗೊತ್ತಿಲ್ಲ.

*

ಆ ದಿನ ಸಂಜೆ ಮನೆಗೆ ಬಂದಾಗ ದಾನೇಶ್ವರಿ ಹಾಸಿಗೆಯಲ್ಲಿ ಮಡಚಿಕೊಂಡು ಮಲಗಿದ್ದಳು. ನೂರಾಮೂರು ಜ್ವರ. ಕಣ್ಣು ಹಳದಿಯಾಗಿರಲಿಲ್ಲ, ಆದರೆ ಬಲಪಕ್ಕೆಯ ಕೆಳಗೆ ಬೆರಳು ಇಟ್ಟರೆ ಉಸಿರು ಕಟ್ಟುತ್ತಿತ್ತು. ಪಿತ್ತಕೋಶ ಉರಿಗೊಂಡು ಬಾತಿತ್ತು.

“ಮೂರು ವಾರ,” ಎಂದರು ಅತ್ತೆ, ಆಟೋದಲ್ಲಿ.

ಉರಿಗೊಂಡ ಪಿತ್ತಕೋಶ ಸುತ್ತಲಿನದಕ್ಕೆ ಅಂಟಿಕೊಳ್ಳುತ್ತದೆ. ಬಿಡಿಸುವಾಗ ರಕ್ತ ಬರುವ ಸಂಭವ ಹಲವು ಪಟ್ಟು ಹೆಚ್ಚು. ಮೊದಲ ಶುಕ್ರವಾರವೇ ಆಗಿದ್ದರೆ ನಿಗಾ ಮೂರು ಸಲ ಲೆನ್ಸ್ ಒರೆಸಿ ಅವಳನ್ನು ಮನೆಗೆ ಕಳಿಸುತ್ತಿತ್ತು. ನನ್ನ ಸಂಶಯ ನಿಜವಾಗಿತ್ತು. ಅದೇ ಸಂಶಯ ಅವಳನ್ನು ಆ ಒಂಬತ್ತರ ಸಾಲಿಗೆ ದೂಡಿತ್ತು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಆಪರೇಷನ್ ಎಂದರು. ಸರ್ಜನ್ ಡಾ. ಸಂಯುಕ್ತಾ ಕಲಘಟಗಿ. ಮಹಾಂತೇಶನಿಗೆ ಮಾಡಿದವರೂ ಅವರೇ.

ಅವರು ಹೆಂಗಸರ ಕೋಣೆಯಲ್ಲಿ ಕೈ ತೊಳೆಯುತ್ತಿದ್ದರು. ನನ್ನಷ್ಟೇ ವಯಸ್ಸು. ನನ್ನನ್ನು ಕಂಡು ನಲ್ಲಿ ನಿಲ್ಲಿಸಿದರು. ವರ್ಷದಿಂದ ನಾವಿಬ್ಬರೂ ಕಾರಿಡಾರಿನಲ್ಲಿ ಮುಖ ತಪ್ಪಿಸಿಕೊಂಡು ಓಡಾಡಿದ್ದೆವು.

“ಹತ್ತೊಂಬತ್ತು ಸಲ,” ಎಂದೆ.

ಅವರು ಯಾವುದು ಎಂದು ಕೇಳಲಿಲ್ಲ. “ನಾನು ನಿಗಾದ ಮ್ಯಾಲೇ ಕಲಿತಾಕಿ. ಲೆನ್ಸ್ ಮಲಿನ ಅಂದ್ರ ಮಲಿನ ಅಂತ ನಂಬಿದೆ. ಕಡೀಕ ಹೊಟ್ಟಿ ತೆರೆಯೂದ್ರಾಗ ಹೃದಯ ನಿಂತಿತ್ತು, ನಿಗಾದ ದಾಖಲೆ ಅಲ್ಲಿಗೇ ಮುಗದಿತ್ತು. ತುಂಬಾ ರಕ್ತ ಇತ್ತು.”

“ಬರೀಲಿಲ್ಲ ಯಾಕ?”

“ಬರದೆ. ಹೃದಯ ನಿಂತದ್ದು ಮೊದಲೋ, ರಕ್ತ ಹೋದದ್ದು ಮೊದಲೋ, ನಿಗಾದ ದಾಖಲೆ ನೋಡಿ ಬರೀರಿ ಅಂತ ಮ್ಯಾಲಿನವರು ಅಂದ್ರು. ದಾಖಲೆಯಾಗ ರಕ್ತ ಇರಲೇ ಇಲ್ಲ.”

ನಿಗಾದ ಬಲಗಡೆ ಒಂದು ಕೆಂಪು ಹಿಡಿಕೆ ಇದೆ. ಎಳೆದರೆ ಬೀಗ ಬಿಡುತ್ತದೆ, ತೋಳು ಸರ್ಜನ್ ಹೇಳಿದಲ್ಲಿ ನಿಲ್ಲುತ್ತದೆ. ಎಳೆದದ್ದು ‘ಉಲ್ಲಂಘನೆ’ ಎಂದು ದಾಖಲಾಗುತ್ತದೆ. ಮೂರು ಉಲ್ಲಂಘನೆಯಾದರೆ ಯಂತ್ರ ಮುಟ್ಟುವ ಪರವಾನಗಿ ಹೋಗುತ್ತದೆ. ಅವರ ಹೆಸರಿನಲ್ಲಿ ಆಗಲೇ ಎರಡಿದ್ದವು. ಮಹಾಂತೇಶನ ಆಪರೇಷನ್ನಿನ ದಿನ ಅವರು ಎಳೆಯದಿದ್ದುದು ಅದಕ್ಕೇ ಎಂದು ಇಬ್ಬರಿಗೂ ಗೊತ್ತಿತ್ತು.

“ಅದಕ್ಕ ರಕ್ತ ಗೊತ್ತಿಲ್ರಿ,” ಎಂದೆ. ಸಿಡಿಗಳ ಸಂಗತಿ ಹೇಳಿದೆ.

ಅವರು ಕೇಳಿಸಿಕೊಂಡರು. ಆಮೇಲೆ ಮತ್ತೆ ನಲ್ಲಿ ತಿರುಗಿಸಿ ಮೊದಲಿನಿಂದ ಕೈ ತೊಳೆಯತೊಡಗಿದರು.

ವಾರ್ಡಿನಲ್ಲಿ ಒಪ್ಪಿಗೆ ಪತ್ರ ತಂದುಕೊಟ್ಟಿದ್ದರು. ಹನ್ನೆರಡು ಪುಟ. ದಾನೇಶ್ವರಿಗೆ ಎಲ್ಲ ಹೇಳಿದೆ. ಈ ಸಲ ಖಾತ್ರಿಗಾಗಿ ಕಾಯಲಿಲ್ಲ. ನೇರ ಹೊಟ್ಟೆ ತೆರೆದು ಮಾಡಿದರೆ ಇಂಥ ಅಪಾಯ, ನಿಗಾದಿಂದ ಇಂಥ ಅಪಾಯ ಎಂದು ಅಂಕಿಗಳನ್ನೂ ಹೇಳಿದೆ. ನಿಗಾ ಹೆಚ್ಚಿನವರಿಗೆ ಒಳ್ಳೆಯದೇ ಎಂಬುದನ್ನೂ ಮುಚ್ಚಲಿಲ್ಲ.

“ವೈನಿ, ನನ್ನ ಹೊಟ್ಟಿ ಸುಡಾಕತ್ತೈತಿ, ನೀ ಪಾಠ ಹೇಳಾಕತ್ತೀದಿ,” ಎಂದಳು. “ಆ ಡಾಕ್ಟ್ರು ಹಿಡಿಕಿ ಎಳೀತಾರೋ ಇಲ್ಲೋ?”

“ಗೊತ್ತಿಲ್ಲ.”

“ನೀ ಅವರನ್ನ ನಂಬ್ತೀಯೇನು?”

“ಇಲ್ಲ.”

ಜ್ವರದ ನಡುವೆಯೂ ನಕ್ಕಳು. “ಹಂಗಾರ ಆ ಪತ್ರದಾಗ ನಮ್ಮ ಕೈಯಾಗ ಇರೂದು ಏನರ ಐತೇನು ನೋಡು.”

ಇತ್ತು. ಇಪ್ಪತ್ಮೂರನೆಯ ಕಲಮು. ರೋಗಿ ಮುಂಚಿತವಾಗಿ ಲಿಖಿತವಾಗಿ ಕೇಳಿದಲ್ಲಿ, ಮಸುಕಾದ ಭಾಗವೂ ಸೇರಿದಂತೆ ಇಡೀ ಚಿತ್ರೀಕರಣವನ್ನು ಉಳಿಸಿ ಕೊಡತಕ್ಕದ್ದು. ಮೂರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಅವಳು ವಕ್ರವಕ್ರವಾಗಿ ಎರಡು ಸಾಲು ಬರೆದು ಸಹಿ ಮಾಡಿದಳು.

*

ನಾನು ಐದನೆಯ ಮಹಡಿಯಿಂದ ನೋಡಿದೆ. ಮೂವತ್ತೊಂದನೆಯ ನಿಮಿಷ. ಪಿತ್ತಕೋಶವನ್ನು ಬಿಡಿಸುತ್ತಿದ್ದಾಗ ಪರದೆಯ ಎಡಮೂಲೆಯಿಂದ ಕೆಂಪು ಹರಡಿತು.

‘ಲೆನ್ಸ್ ಮಲಿನ’ ಎಂದು ಬರೆದು ಬಂತು. ಪರದೆ ಕಪ್ಪಾಯಿತು. ಹದಿನಾಲ್ಕು ಸೆಕೆಂಡು. ಮತ್ತೆ ಚಿತ್ರ ಬಂದಾಗ ಏನೂ ಗುರುತಾಗುತ್ತಿರಲಿಲ್ಲ, ಎಲ್ಲ ಕೆಂಪು. ‘ಲೆನ್ಸ್ ಮಲಿನ.’ ಕಪ್ಪು.

ಎರಡನೆಯ ಸಲ ನಾನು ಎಣಿಸಿದೆ. ಆರಕ್ಕೆ ಬಂದಾಗ ಮೂಲೆಯಲ್ಲಿ ಹಳದಿ ಅಕ್ಷರ ಬಿದ್ದಿತು. ‘ಉಲ್ಲಂಘನೆ.’

ಕ್ಯಾಮೆರಾ ಒಳಗೆ ಹೋಗಿ ನಿಂತಿತು. ಕೆಂಪಿನ ನಡುವೆ ಬಿಳಿ ಗಾಜ್ ಬಟ್ಟೆ ಬಂದು ಒಂದು ಜಾಗವನ್ನು ಒತ್ತಿ ಹಿಡಿಯಿತು. ಹಿಡಿದೇ ಇತ್ತು. ನಿಗಾ ಹನ್ನೊಂದು ನಿಮಿಷ ‘ಲೆನ್ಸ್ ಮಲಿನ’ ಎನ್ನುತ್ತಲೇ ಇತ್ತು. ಆಮೇಲೆ ಅವರು ಹೊಟ್ಟೆ ತೆರೆದರು. ಕ್ಯಾಮೆರಾಗೆ ಕೆಲಸ ಉಳಿಯಲಿಲ್ಲ. ಪರದೆಯಲ್ಲಿ ಥಿಯೇಟರಿನ ಚಾವಣಿ ಕಾಣುತ್ತಿತ್ತು.

ಮಧ್ಯಾಹ್ನ ಎರಡಕ್ಕೆ ಸಿಸ್ಟರ್ ಫಿಲೋಮಿನಾ ಹೊರಗೆ ಬಂದು ಅತ್ತೆಯ ಭುಜ ಮುಟ್ಟಿದರು. “ಅದಾಳವ್ವ. ಎಚ್ಚರಾದ ಕೂಡ್ಲೇ ಸೀಟಿ ಕೇಳಿದ್ಲು.”

ದಾನೇಶ್ವರಿಯ ಪಕ್ಕೆಯಲ್ಲಿ ಗೇಣುದ್ದದ ಹೊಲಿಗೆ. ಎರಡು ತಿಂಗಳು ಓಡುವಂತಿಲ್ಲ. ಡಾ. ಕಲಘಟಗಿಯ ಪರವಾನಗಿ ಆ ವಾರವೇ ಹೋಯಿತು. ಈಗ ಹೊರರೋಗಿ ವಿಭಾಗದಲ್ಲಿ ಕೂರುತ್ತಾರೆ. ಪಟ್ಟಿಯಲ್ಲಿ ದಾನೇಶ್ವರಿಯನ್ನು ಹುಡುಕಿದೆ. ‘ಅಪೂರ್ಣ, ಸರ್ಜನ್ ಉಲ್ಲಂಘನೆ’ ಎಂದು ಹೊರಗೆ ಹಾಕಿದ್ದರು. ಸೊನ್ನೆ ಸೊನ್ನೆಯಾಗಿಯೇ ಉಳಿದಿತ್ತು. ಆ ತಿಂಗಳ ವರದಿ ನಾನು ಕಳಿಸಲಿಲ್ಲ. ಇನ್ನೊಬ್ಬರು ಕಳಿಸಿದರು.

*

ಒಂಬತ್ತನೆಯ ದಿನ, ಇನ್ನೂ ವಾರ್ಡಿನಲ್ಲಿದ್ದಾಗಲೇ, ವಿಡಿಯೋ ಬಂತು. ದಾನೇಶ್ವರಿ ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸಿ ಇಟ್ಟಳು. ಅತ್ತೆ ನೋಡಲೊಲ್ಲೆ ಎಂದವರು ಮಂಚದ ತುದಿಯಲ್ಲಿ ಕೂತು ನೋಡಿದರು. ಆಟೋದಲ್ಲಿ ‘ಮೂರು ವಾರ’ ಎಂದ ಮೇಲೆ ಅವರು ನನ್ನೊಡನೆ ಸರಿಯಾಗಿ ಮಾತಾಡಿರಲಿಲ್ಲ.

ಪರದೆ ಕಪ್ಪಾದಾಗ ಕೇಳಿದರು. “ಫೋನ್ ಬಂದ್ ಆತೇನು?”

“ಇಲ್ರಿ. ಒರಸ್ಕೊಳ್ಳಾಕ ಹೊರಗ ಹೋಗೈತಿ.”

“ಒಳಗ ರಕ್ತ ಹರ್ಯಾಕತ್ತಿರತೈತಿ, ಇದು ಹೊರಗ ಮಾರಿ ಒರಸ್ಕೊಂತ ನಿಂದರತೈತಿ?”

“ಹೂಂ.”

“ನನ್ನ ಮಗಗೂ ಹಿಂಗ ಆತೇನು?”

“ಹೂಂ ಅತ್ತಿ.”

ಅವರು ಅಳಲಿಲ್ಲ. ಹನ್ನೊಂದು ನಿಮಿಷ ಕಣ್ಣು ಕೀಳದೆ ನೋಡಿದರು. ಮುಗಿದ ಮೇಲೆ ಕೇಳಿದರು. “ಇದನ್ನ ಆ ಮಷೀನಿಗೆ ಯಾರೂ ತೋರ್ಸಿಲ್ಲೇನು?”

ಹಾನಗಲ್ ಅವರಿಗೆ ನಾನು ಈ ಪ್ರಶ್ನೆ ಕೇಳಿರಲಿಲ್ಲ. ಯಾರು ತಪ್ಪಿತಸ್ಥರು ಎಂಬುದನ್ನಷ್ಟೇ ಹುಡುಕಿದ್ದೆ.

“ಒಂದ ತೋರ್ಸಿದ್ರ ಕಲಿಯೂದಿಲ್ರಿ. ನೂರಾರು ಬೇಕು. ಆಪರೇಷನ್‌ಗೆ ಮೊದಲ ಪೇಶಂಟ್ ಬರದ ಕೊಟ್ಟಿದ್ರ ಮಾತ್ರ ಉಳಿಸ್ತಾರ.”

“ಮಂದಿಗೆ ಗೊತ್ತೈತೇನು?”

“ಇಲ್ರಿ.”

ಅತ್ತೆ ಎದ್ದು ಸೆರಗು ಸರಿಮಾಡಿಕೊಂಡು ಹೊರಗೆ ಹೋದರು. ಚಹಾಕ್ಕೆ ಹೋಗಿರಬೇಕು ಎಂದುಕೊಂಡೆ. ಅರ್ಧ ತಾಸಾದರೂ ಬರಲಿಲ್ಲ. ಹುಡುಕಿಕೊಂಡು ಹೋದೆ. ಎರಡನೆಯ ಥಿಯೇಟರಿನ ಹೊರಗಿನ ಬೆಂಚಿನ ಮೇಲೆ, ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡ ಒಬ್ಬನ ಪಕ್ಕ ಕೂತಿದ್ದರು.

“ಒಳಗ ಯಾರದೋ ತಮ್ಮಾ?”

“ಹೆಂಡ್ತೀದ್ರಿ. ದುರ್ಬೀನ ಆಪರೇಷನ್. ಇನ್ನಾ ಕರಕೊಂಡ ಹೋಗಿಲ್ಲ.”

“ಪಿತ್ತಕೋಶದ್ದೇನು?”

“ಹೌದ್ರಿ.”

“ಒಂದ ಹಾಳ್ಯಾಗ ನಿನ್ನ ಹೆಂಡ್ತಿ ಕಡಿಂದ ಎರಡ ಸಾಲು ಬರಸಿ ಕೊಡು. ಈಕಿ ನನ್ನ ಸೊಸಿ. ಏನ್ ಬರೀಬೇಕಂತ ಈಕಿ ಹೇಳ್ತಾಳ.”

ಅವನು ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡು ನಮ್ಮಿಬ್ಬರನ್ನೂ ನೋಡಿದ. ಅತ್ತೆಯನ್ನು, ನನ್ನ ಕೊರಳಿನ ಆಸ್ಪತ್ರೆಯ ಗುರುತುಚೀಟಿಯನ್ನು, ಮತ್ತೆ ಅತ್ತೆಯನ್ನು.

“ಯಾಕ್ರಿ?” ಎಂದ. “ಏನ್ ಆಗೈತಿ? ನೀವ್ಯಾರು?”

ಅವನ ದನಿಯಲ್ಲಿ ಸಂಶಯವಿತ್ತು. ಅದನ್ನು ಕೇಳಿ ನನಗೆ ಸಮಾಧಾನವಾಯಿತು. ಪಕ್ಕದಲ್ಲಿ ಕೂತೆ. ಪೆನ್ನು ತೆಗೆದು, ಮೊದಲು ಮಹಾಂತೇಶನ ಹೆಸರು ಹೇಳಿದೆ.